ಹನ್ನೆರಡು ನಿಮಿಷಗಳ ಅಮೆರಿಕ

ಇಲ್ಲಿಯ ಶಾಲೆಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳು ಈ ದೇಶದ ಚರಿತ್ರೆಯನ್ನೂ ಪೌರನೀತಿಯನ್ನೂ ಪಠ್ಯಪುಸ್ತಕದಿಂದ ಮಾತ್ರವಲ್ಲದೆ ಯೂಟ್ಯೂಬಿನಿಂದಲೂ ಅರಿಯುತ್ತಿದ್ದಾರೆ. ಈ ಆಸೆ ಹೊಸದೇನಲ್ಲ. ಶಾಲೆಗಳಲ್ಲಿ ಪುಸ್ತಕದ ಸ್ಥಾನವನ್ನು ಚಲನಚಿತ್ರವು ಆಕ್ರಮಿಸುವುದೆಂದು ಥಾಮಸ್ ಎಡಿಸನ್ 1913ರಲ್ಲಿಯೇ ಸಾರಿದ್ದರು, ಪುಸ್ತಕವೇನೋ ಉಳಿದುಕೊಂಡಿತು. 1970ರ ದಶಕದಲ್ಲಿ ‘ಸ್ಕೂಲ್‌ಹೌಸ್ ರಾಕ್’ ಎಂಬ ಕಿರುಚಿತ್ರಮಾಲೆ ಬಂದಿತು. ಅದರಲ್ಲಿ ಸಂಸತ್ತಿನ ಮೆಟ್ಟಿಲ ಮೇಲೆ ಕುಳಿತ ಮಸೂದೆಯೊಂದು ತಾನು ಕಾಯಿದೆಯಾಗುವ ಬಗೆಯನ್ನು ಹಾಡಿ ತಿಳಿಸುತ್ತಿತ್ತು. 2013ರಲ್ಲಿ ಕಾದಂಬರಿಕಾರ ಜಾನ್ ಗ್ರೀನ್ ‘ಕ್ರ್ಯಾಶ್ ಕೋರ್ಸ್’ ಮಾಲಿಕೆಯಲ್ಲಿ ಅಮೆರಿಕದ ಇತಿಹಾಸವನ್ನು ನಲವತ್ತಕ್ಕೂ ಹೆಚ್ಚು ಕಂತುಗಳಲ್ಲಿ ಹೇಳಿದರು.

ಈ ವೀಡಿಯೊಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಹನ್ನೆರಡು ನಿಮಿಷಗಳಲ್ಲಿ ಒಂದು ಯುಗವನ್ನು ದಾಟಿಸುವಾಗ ಕೆಲವರು ದಡದಲ್ಲಿಯೇ ಉಳಿಯುತ್ತಾರೆ. ಹಾಗೆ ಉಳಿಯಬಹುದಾದವರಲ್ಲಿ ನಮಗೂ ಮೊದಲು ಭಾರತದಿಂದ ಬಂದವರು ಇದ್ದಾರೆ.

ಅಂದಿನ ಕಾಯಿದೆಯಂತೆ ವಲಸಿಗರಲ್ಲಿ ‘ಬಿಳಿಯರು’ ಮತ್ತು ಆಫ್ರಿಕಾ ಮೂಲದವರಷ್ಟೇ ಪೌರತ್ವಕ್ಕೆ ಅರ್ಹರು. 1922ರ ನವೆಂಬರಿನಲ್ಲಿ ಜಪಾನಿನಿಂದ ಬಂದಿದ್ದ ತಕಾವೊ ಒಜಾವಾ ಅವರ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು: ಬಿಳಿಯರೆಂದರೆ ಕಕೇಶಿಯನ್ನರು, ಜಪಾನೀಯರು ಕಕೇಶಿಯನ್ನರಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಾಗಿದ್ದ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ, ಅಂದಿನ ಜನಾಂಗಶಾಸ್ತ್ರಜ್ಞರ ಪ್ರಕಾರ ಉತ್ತರ ಭಾರತೀಯರು ಕಕೇಶಿಯನ್ನರೇ ಎಂಬ ವಾದವು ಮುಂದೆ ಬಂದಿತು. ಮೂರೇ ತಿಂಗಳ ಬಳಿಕ, 1923ರ ಫೆಬ್ರವರಿಯಲ್ಲಿ, ಅದೇ ನ್ಯಾಯಾಲಯವು ಶಾಸ್ತ್ರವನ್ನು ಬದಿಗಿಟ್ಟು, ಜನಸಾಮಾನ್ಯರ ಕಣ್ಣಿಗೆ ಭಾರತೀಯರು ಬಿಳಿಯರಲ್ಲವೆಂದು ತೀರ್ಪಿತ್ತಿತು. ಎರಡೂ ತೀರ್ಪುಗಳನ್ನು ಬರೆದವರು ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್. ಅವರೂ ಇಂಗ್ಲೆಂಡಿನಲ್ಲಿ ಹುಟ್ಟಿ ಇಲ್ಲಿಗೆ ಬಂದವರೆಂಬುದನ್ನು ಹೇಳದಿರಲಾರೆವು.

ತೀರ್ಪಿನ ಬೆನ್ನಿಗೇ ಸರ್ಕಾರವು ಭಾರತೀಯರಿಗೆ ಮೊದಲೇ ದೊರೆತಿದ್ದ ಪೌರತ್ವವನ್ನೂ ಹಿಂತೆಗೆದುಕೊಳ್ಳತೊಡಗಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ನಡೆಸುತ್ತಿದ್ದ ವೈಷ್ಣೋ ದಾಸ್ ಬಗಾಯ್ ಅವರು 1921ರಲ್ಲಿ ಪಡೆದ ಪೌರತ್ವವನ್ನು ಕಳೆದುಕೊಂಡರು. ಕ್ಯಾಲಿಫೋರ್ನಿಯದ ಭೂಕಾಯಿದೆಯಿಂದಾಗಿ ಆಸ್ತಿಯೂ ಕೈಬಿಟ್ಟಿತು. ತವರಿಗೆ ಹೋಗಿಬರಲು ಅಮೆರಿಕದ ಪಾಸ್‌ಪೋರ್ಟ್ ಸಿಗಲಿಲ್ಲ. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ, ವರ್ಷಕ್ಕೆ 100 ವಲಸಿಗರೆಂಬ ಮಿತಿಯೊಡನೆ. ನಮ್ಮಲ್ಲಿ ಹೆಚ್ಚಿನವರು ಬಂದ ದಾರಿ 1965ರ ಕಾಯಿದೆಯದು.

ಪೌರತ್ವವೆಂದರೆ ಯಾರು, ಯಾರ ಮಾತಿನಂತೆ ಎಂಬ ಪ್ರಶ್ನೆ ಪೌರನೀತಿಯ ಬುಡದಲ್ಲಿಯೇ ಇದೆ. ವೀಡಿಯೊ ಅದನ್ನು ಒಂದು ವಾಕ್ಯದಲ್ಲಿ ದಾಟಿದರೆ ಅಲ್ಲಿಯೇ ನಿಲ್ಲಿಸಿ, ಮಕ್ಕಳೊಡನೆ ಆ ಎರಡು ತೀರ್ಪುಗಳನ್ನು ತೆರೆದು ಓದೋಣ. ಎರಡೂ ಅಂತರ್ಜಾಲದಲ್ಲಿವೆ, ದೀರ್ಘವೂ ಅಲ್ಲ. ಪ್ರೌಢಶಾಲೆಯ ಮಕ್ಕಳು ಆ ವೈರುಧ್ಯವನ್ನು ತಾವಾಗಿಯೇ ಹಿಡಿಯಬಲ್ಲರು. ಬಗಾಯ್ ಕುಟುಂಬದ ಚಿತ್ರಗಳನ್ನು ದಕ್ಷಿಣ ಏಷ್ಯಾ ಅಮೆರಿಕನ್ ಡಿಜಿಟಲ್ ಆರ್ಕೈವ್‌ನಲ್ಲಿ ಕಾಣಬಹುದು. ಬರ್ಕ್ಲಿಯಲ್ಲಿ ಕೊಂಡ ಮನೆಯೊಳಗೆ ನೆರೆಯವರು ಕಾಲಿಡಗೊಡದಿದ್ದ ಕುಟುಂಬವದು. ಇಂದು ಅದೇ ಊರಿನ ಒಂದು ಬೀದಿಗೆ ಅವರ ಪತ್ನಿ ಕಲಾ ಬಗಾಯ್ ಅವರ ಹೆಸರಿದೆ.