ಹುಲ್ಲುಹಾಸು ಮತ್ತು ಹುಲ್ಲುಗಾವಲು

ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಕೋಟೆ ಕೊತ್ತಲಗಳ ಕಡೆಗೂ ಅರಸರ ವಂಶಾವಳಿಗಳ ಕಡೆಗೂ ಓಡುವುದು ಸಹಜವಾಗಿದೆ. ಶಿಕಾರಿಪುರ, ಸೊರಬ ತಾಲ್ಲೂಕುಗಳ ವಿಷಯದಲ್ಲಂತೂ ಹೀಗಾಗುವುದಕ್ಕೆ ಕಾರಣಗಳು ಹೇರಳವಾಗಿವೆ. ಕದಂಬರ ವಂಶದ ಉದಯವನ್ನು ತಿಳಿಸುವ ತಾಳಗುಂದದ ಸ್ತಂಭಶಾಸನ, ಬಳ್ಳಿಗಾವೆಯ ಕೇದಾರೇಶ್ವರ ತ್ರಿಪುರಾಂತಕ ದೇವಾಲಯಗಳು, ನಾಗರಖಂಡಕ್ಕೆ ಮುಖ್ಯಸ್ಥಳವಾಗಿದ್ದ ಬಂದಳಿಕೆ, ಹಿಂದೆ ಉದ್ಧರೆ ಎನಿಸಿಕೊಂಡಿದ್ದ ಉದ್ರಿ, ಚಂದ್ರಗುತ್ತಿಯ ಬೆಟ್ಟ, ಇವೆಲ್ಲವೂ ಇಷ್ಟು ಚಿಕ್ಕ ಪ್ರದೇಶದಲ್ಲಿ ಒಟ್ಟುಗೂಡಿರುವಾಗ ಕಾಲ ಕೆಳಗಿನ ಹುಲ್ಲನ್ನು ನೋಡುವವರಾರು? ಆದರೂ ಈ ಭಾಷಣದಲ್ಲಿ ನಾವು ಆ ಹುಲ್ಲಿನ ಚರಿತ್ರೆಯನ್ನೇ ಸ್ವಲ್ಪಮಟ್ಟಿಗೆ ವಿಚಾರಮಾಡಬೇಕೆಂದಿದ್ದೇವೆ. ಅರಸೊತ್ತಿಗೆಗಳು ಬಂದು ಹೋದುವು, ಹುಲ್ಲು ಉಳಿಯಿತು. ಅದು ಮುಂದೆಯೂ ಉಳಿಯುವುದೇ ಎಂಬುದು ಈಗಿನ ಪ್ರಶ್ನೆ.

ಮನೆಯ ಮುಂದೆ ಹಸುರು ಹುಲ್ಲಿನ ಹಾಸೊಂದಿರಬೇಕೆಂಬ ಆಸೆ ಈಗ ನಮ್ಮ ಸಣ್ಣ ಪಟ್ಟಣಗಳಲ್ಲಿಯೂ ಕಾಣಬರುತ್ತಿದೆ. ಇದಕ್ಕೆ ಇಂಗ್ಲೀಷಿನ ಲಾನ್ ಎಂಬ ಹೆಸರೇ ರೂಢಿಯಾಗಿದೆ. ಈ ಶಬ್ದದ ಮೂಲವನ್ನು ಹುಡುಕಿದರೆ ಹಳೆಯ ಫ್ರೆಂಚ್ ಭಾಷೆಯಲ್ಲಿ ಕಾಡಿನ ನಡುವಣ ಬಯಲಿಗೆ ಇದ್ದ ಹೆಸರು ದೊರೆಯುತ್ತದೆ. ಇಂಗ್ಲೆಂಡಿನ ಜಮೀನುದಾರರ ಮನೆಗಳ ಮುಂದಿನ ಹಸುರು ಬಯಲು ಮೊದಮೊದಲು ಕುರಿಗಳು ಮೇದು ಸಮಮಾಡಿದ ನೆಲವೇ ಆಗಿದ್ದಿತು. ಉಳಿದುದನ್ನು ಕೂಲಿಗಳು ಉದ್ದನೆಯ ಕುಡುಗೋಲಿನಿಂದ ಸವರುತ್ತಿದ್ದರು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬ ಯಂತ್ರಕರ್ಮಿಯು ಉಣ್ಣೆಯ ಬಟ್ಟೆಯ ಮೇಲಣ ನವುರನ್ನು ಕತ್ತರಿಸುವ ಯಂತ್ರವನ್ನು ನೋಡಿ, ಅದೇ ಉಪಾಯವನ್ನು ಹುಲ್ಲಿಗೆ ಅಳವಡಿಸಿ, ಹುಲ್ಲು ಕತ್ತರಿಸುವ ಯಂತ್ರವನ್ನು ನಿರ್ಮಿಸಿದನು. ಅಲ್ಲಿಂದ ಮುಂದೆ ಕುರಿಯ ಮಂದೆಯಿಲ್ಲದ ಸಾಮಾನ್ಯ ಗೃಹಸ್ಥನೂ ತನ್ನ ಅಂಗಳದಲ್ಲಿ ಹುಲ್ಲುಹಾಸನ್ನು ಇಟ್ಟುಕೊಳ್ಳುವುದು ಸಾಧ್ಯವಾಯಿತು. ಆದುದರಿಂದ ಹುಲ್ಲುಹಾಸೆಂಬುದು ಮೂಲತಃ ದನಕರುಗಳಿಲ್ಲದ ಗೋಮಾಳವೆಂದರೆ ತಪ್ಪಾಗಲಾರದು.

ಇಂಗ್ಲೆಂಡಿನ ಹಾಸುಗಳಲ್ಲಿರುವ ಹುಲ್ಲುಗಳು ತಂಪುಕಾಲದ ಜಾತಿಯವು. ರೈ ಹುಲ್ಲು, ಫೆಸ್ಕ್ಯೂ, ಬೆಂಟ್, ಕೆಂಟಕಿ ನೀಲಿಹುಲ್ಲು ಮೊದಲಾದುವು ಇವುಗಳಲ್ಲಿ ಮುಖ್ಯವಾದುವು. ಫ್ಯಾರನ್‌ಹೀಟ್ ಮಾನದಲ್ಲಿ ಸುಮಾರು 60ರಿಂದ 75 ಡಿಗ್ರಿಯವರೆಗಿನ ಹವೆಯಲ್ಲಿ ಇವು ಸೊಂಪಾಗಿ ಬೆಳೆಯುತ್ತವೆ. ಬಿಸಿಲು ಏರಿದಂತೆ, ಸೂರ್ಯನ ಬೆಳಕಿನಿಂದ ಆಹಾರವನ್ನು ಮಾಡಿಕೊಳ್ಳುವ ಇವುಗಳ ಕ್ರಮವು ಕುಂಟುತ್ತದೆ. ಗಳಿಸಿದುದರಲ್ಲಿ ಹೆಚ್ಚು ಭಾಗ ವ್ಯರ್ಥವಾಗಿ ಹೋಗುತ್ತದೆ. ಬೇರು ಕುಗ್ಗಿ ಹುಲ್ಲು ಕಂದುತ್ತದೆ. ಉಷ್ಣದೇಶಗಳ ಹುಲ್ಲುಗಳಲ್ಲಿ ಬಹುಪಾಲಿನವುಗಳ ಒಳಗಣ ಕ್ರಮವೇ ಬೇರೆ. ಬಿಸಿಲು ಅವುಗಳಿಗೆ ಶತ್ರುವಲ್ಲ, ಬಂಡವಾಳ. ನಮ್ಮ ಗರಿಕೆ ಈ ಎರಡನೆಯ ವರ್ಗಕ್ಕೆ ಸೇರಿದುದು.

ಇಲ್ಲಿ ಒಂದು ವಿನೋದವನ್ನು ಗಮನಿಸಬಹುದು. ಕೆಂಟಕಿ ಎಂಬ ಅಮೆರಿಕಾ ಪ್ರಾಂತದ ಹೆಸರನ್ನು ಹೊತ್ತಿರುವ ನೀಲಿಹುಲ್ಲು ಯೂರೋಪು ಮತ್ತು ಉತ್ತರ ಏಷ್ಯಾ ಖಂಡಗಳ ಮೂಲನಿವಾಸಿ. ಅಮೆರಿಕದವರು ಬರ್ಮುಡಾ ದ್ವೀಪದ ಹೆಸರಿನಿಂದ ಕರೆಯುವ ಹುಲ್ಲಾದರೋ, ನಾವು ವಿನಾಯಕನ ಚೌತಿಯ ದಿನ ಪೂಜೆಗೆ ತರುವ ಗರಿಕೆಯೇ ಆಗಿದೆ. ಹೊರಗಿನ ಹೆಸರಿಟ್ಟು ಬಂದರೆ ಮನೆಯ ವಸ್ತುವಿಗೂ ಬೆಲೆ ಏರುವುದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಇಂಗ್ಲೀಷರು ನಮ್ಮ ದೇಶಕ್ಕೆ ಬಂದಾಗ ತಮ್ಮ ಹುಲ್ಲಿನ ಆಸೆಯನ್ನೂ ತಂದರು. ನೀಲಗಿರಿಯಲ್ಲಿ ಅದು ಸ್ವಲ್ಪಮಟ್ಟಿಗೆ ನೆರವೇರಿತು. ಸಮುದ್ರಮಟ್ಟದಿಂದ 7,000 ಅಡಿಗಳಿಗೂ ಮಿಗಿಲಾದ ಎತ್ತರದಲ್ಲಿರುವ ಉದಕಮಂಡಲದಲ್ಲಿ 1848ರಲ್ಲಿ ಮ್ಯಾಕ್‌ಐವರ್ ಎಂಬ ತೋಟಗಾರನ ಕೈಯಲ್ಲಿ ಸಸ್ಯೋದ್ಯಾನವು ರೂಪುಗೊಂಡಿತು. ಬೆಂಗಳೂರಿನಲ್ಲಿ ಹೈದರಲಿಯು 1760ರ ವೇಳೆಗೆ ಆರಂಭಿಸಿದ ಲಾಲ್‌ಬಾಗು 1856ರಲ್ಲಿ ಸರ್ಕಾರದ ಸಸ್ಯತೋಟವಾಯಿತು; 1874ರಿಂದ ಜಾನ್ ಕ್ಯಾಮರನ್ನರೂ 1908ರಿಂದ ಕ್ರುಂಬಿಗಲ್ಲರೂ ಅದನ್ನು ಬೆಳಸಿದರು. ಶಿಕಾರಿಪುರ ಸೊರಬಗಳಾದರೋ ಸುಮಾರು 2,000 ಅಡಿಗಳ ಎತ್ತರದ ಸೀಮೆ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಇಲ್ಲಿ ತಂಪುಕಾಲದ ಹುಲ್ಲನ್ನು ಉಳಿಸಿಕೊಳ್ಳಬೇಕೆನ್ನುವುದು ಪ್ರಕೃತಿಯೊಡನೆ ಹೂಡುವ ವ್ಯಾಜ್ಯವಾಗಿದೆ.

ಹಾಗಾದರೆ ಈ ಸೀಮೆಗೆ ತನ್ನದೇ ಆದ ಹುಲ್ಲಿನ ಸಂಸ್ಕೃತಿ ಇರಲಿಲ್ಲವೇ? ಇದ್ದಿತೆಂಬುದಕ್ಕೆ ಕಲ್ಲುಗಳೇ ಸಾಕ್ಷಿ. ಲೂಯಿಸ್ ರೈಸರು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳನ್ನೂ ಎಂಟನೆಯದರಲ್ಲಿ ಸೊರಬದ ಶಾಸನಗಳನ್ನೂ 1902, 1904ನೆಯ ಇಸವಿಗಳಲ್ಲಿ ಪ್ರಕಟಿಸಿದರು. ಅವುಗಳಲ್ಲಿ ದಾನಶಾಸನಗಳೊಡನೆ ವೀರಗಲ್ಲುಗಳೂ ವಿಶೇಷವಾಗಿವೆ. ಆ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಶಬ್ದ ತುಱು ಎಂಬುದು. ತುಱುವೆಂದರೆ ದನ, ತುಱುಗೋಳೆಂದರೆ ದನಗಳನ್ನು ಸೆರೆಹಿಡಿದೊಯ್ಯುವುದು. ಶತ್ರುಗಳು ಊರ ಮಂದೆಯನ್ನು ಹಿಡಿದಾಗ ಅದನ್ನು ಬಿಡಿಸಿ, ತಾನು ಮಡಿದವನಿಗೆ ಊರವರು ಕಲ್ಲು ನಿಲ್ಲಿಸಿದರು. ಕೆಳಗಣ ಪಟ್ಟಿಕೆಯಲ್ಲಿ ದನಗಳೂ ಕಾಳಗವೂ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರೂ, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರನೂ ಕೆತ್ತಲ್ಪಟ್ಟಿರುತ್ತಾರೆ. ಈ ಕಲ್ಲುಗಳನ್ನು ಶೌರ್ಯದ ಗುರುತುಗಳೆಂದು ಓದುವುದು ವಾಡಿಕೆ. ಅದು ಸರಿಯೇ. ಆದರೆ ಮಂದೆಯಿದ್ದ ಕಡೆ ಮೇವು ಇರಲೇಬೇಕು. ಆಳುಗಳು ಪ್ರಾಣಕೊಟ್ಟು ಕಾಯುವಷ್ಟು ಬೆಲೆಯುಳ್ಳ ಮಂದೆಗಳಿದ್ದ ಸೀಮೆಯಲ್ಲಿ ಮೇವಿನ ಬಯಲುಗಳು ವಿಸ್ತಾರವಾಗಿದ್ದುವೆಂದು ಊಹಿಸುವುದಕ್ಕೆ ಅಡ್ಡಿಯಿಲ್ಲ. ಈ ದೃಷ್ಟಿಯಿಂದ ಒಂದೊಂದು ತುಱುಗೋಳ ಕಲ್ಲೂ ಒಂದೊಂದು ಹುಲ್ಲುಗಾವಲಿನ ದಾಖಲೆಯಾಗಿದೆ.

ಆ ಬಯಲುಗಳ ಹೆಸರುಗಳು ನಮ್ಮ ಜನರ ಬಾಯಲ್ಲಿಯೂ ಕಂದಾಯದ ಲೆಕ್ಕಗಳಲ್ಲಿಯೂ ಉಳಿದುಬಂದಿವೆ. ಊರ ದನಗಳೆಲ್ಲ ಮೇಯುವುದಕ್ಕೆ ಬಿಟ್ಟ ನೆಲ ಗೋಮಾಳ. ಹುಲ್ಲು ಕೊಯ್ದುಕೊಳ್ಳುವ ನೆಲ ಹುಲ್ಲುಬನ್ನಿ. ಬೆಟ್ಟದ ತಪ್ಪಲಿನಲ್ಲಿ ಕರಡವನ್ನು ಬೆಳಸಿ ಕೊಯ್ಯುವ ಜಾಗ ಬೇಣ. ಅಡಕೆಯ ತೋಟಕ್ಕೆ ಹಸುರೆಲೆ ಒದಗಿಸುವುದು ಸೊಪ್ಪಿನಬೆಟ್ಟ. ದಟ್ಟವಾದ ನಿತ್ಯಹಸುರಿನ ತೋಪು ಕಾನು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲಿಯೇ 171 ಕಾನುಗಳನ್ನು ಲೆಕ್ಕಹಾಕಿದರು. ಕಾನು, ಅದರ ಪಕ್ಕದಲ್ಲಿ ಹುಲ್ಲುಬಯಲು, ಅದರ ಕೆಳಗೆ ಕೆರೆ, ಕೆರೆಯ ಕೆಳಗೆ ಗದ್ದೆ, ಇದು ಮಲೆನಾಡಿನ ಅಂಚಿನ ಊರಿನ ಕಟ್ಟು. ಇವುಗಳಲ್ಲಿ ಯಾವುದೊಂದನ್ನು ತೆಗೆದರೂ ಉಳಿದುವು ಬಡವಾಗುತ್ತವೆ. ಕಾನಿನ ನೀರು ಕೆರೆಗೆ, ಬಯಲಿನ ಹುಲ್ಲು ದನಕ್ಕೆ, ದನದ ಗೊಬ್ಬರ ಗದ್ದೆಗೆ; ಗದ್ದೆಯ ಹುಲ್ಲು ಬೇಸಗೆಯಲ್ಲಿ ಮತ್ತೆ ದನಕ್ಕೆ.

ಸಂಸ್ಥಾನದ ಬಯಲುಸೀಮೆಯಲ್ಲಿ ಇದೇ ಜ್ಞಾನವು ಒಂದು ಇಲಾಖೆಯ ರೂಪವನ್ನೇ ತಾಳಿತು. ಚಿಕ್ಕದೇವರಾಜ ಒಡೆಯರ ಕಾಲದ (1672–1704) ಬೆಣ್ಣೆ ಚಾವಡಿಯು ಹೈದರನ ಕಾಲದಲ್ಲಿ ಬೆಳೆದು, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಈ ಹಿಂಡುಗಳಿಗಾಗಿ ಮೀಸಲಿಟ್ಟ ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರಾಗಿ ವಿಂಗಡಿಸಿದ್ದರು. ನೆರಳೂ ನೀರೂ ಉಳ್ಳವು ಬೇಸಗೆಗೆ. ಮಳೆಯಲ್ಲಿ ಚಿಗುರುವ ಬಯಲುಗಳು ಮಳೆಗಾಲಕ್ಕೆ. ಹಿಂಡು ಒಂದರಿಂದ ಇನ್ನೊಂದಕ್ಕೆ ಹೋದಾಗ ಹಿಂದಿನದಕ್ಕೆ ವಿಶ್ರಾಂತಿ ದೊರೆಯುತ್ತಿದ್ದಿತು. ಪಾಶ್ಚಾತ್ಯರು ಒಂದು ಹುಲ್ಲಿನ ಜಾತಿಯನ್ನು ತಂಪುಕಾಲದ್ದು ಎಂದು ಗುರುತಿಸಿದರೆ ನಮ್ಮವರು ಒಂದು ನೆಲವನ್ನೇ ಆಯಾ ಕಾಲದ್ದೆಂದು ಗುರುತಿಸಿದ್ದರು.

1860ರಲ್ಲಿ ಮಿತವ್ಯಯದ ನೆಪದಿಂದ ಅಮೃತಮಹಲನ್ನು ಮುರಿದು ಹಿಂಡುಗಳನ್ನು ಮಾರಲಾಯಿತು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತುಗಳ ಅಭಾವ ತೋರಿ, ಅದೇ ದಶಕದಲ್ಲಿಯೇ ಅದನ್ನು ಮತ್ತೆ ಸ್ಥಾಪಿಸಬೇಕಾಯಿತು. ಉಳಿತಾಯವೆಂದು ಕಂಡುದು ನಷ್ಟವಾಗಿ ಪರಿಣಮಿಸಿದ ಈ ಪಾಠವನ್ನು ಮುಂದಿನವರು ಮರೆಯಬಾರದಾಗಿತ್ತು.

ಆದರೆ ಮರೆತರೆಂದೇ ಹೇಳಬೇಕಾಗಿದೆ. ಹುಲ್ಲುಬಯಲನ್ನು ಲೆಕ್ಕಪತ್ರಗಳಲ್ಲಿ ಖರಾಬೆಂದು ಬರೆದುದೇ ಮೊದಲ ಅನರ್ಥ. ಕಂದಾಯ ಬಾರದ ನೆಲ ಕೆಲಸಕ್ಕೆ ಬಾರದ ನೆಲವೆಂಬ ಭಾವನೆ ಅದರಿಂದ ಬೆಳೆಯಿತು. 1966ರ ಭೂಕಂದಾಯ ನಿಯಮಗಳು ನೂರು ದನಗಳಿಗೆ 12 ಹೆಕ್ಟೇರಿನಂತೆ, ಎಂದರೆ ಸುಮಾರು 30 ಎಕರೆಯಂತೆ, ಗೋಮಾಳವನ್ನು ಬಿಡಬೇಕೆಂದು ಗೊತ್ತುಮಾಡಿದುವು. ಒಂದು ಕಡೆ ಈ ನಿಯಮ. ಇನ್ನೊಂದು ಕಡೆ ಭೂಮಿಯಿಲ್ಲದ ಬಡವನ ಹಸಿವು. ಬಗರ್‌ಹುಕುಂ ಸಾಗುವಳಿಯನ್ನು ಸಕ್ರಮಗೊಳಿಸುವ ಕಾನೂನು 1991ರಲ್ಲಿ ಬಂದಾಗ ಈ ಎರಡು ನ್ಯಾಯಗಳು ಎದುರುಬದುರಾಗಿ ನಿಂತುವು. ಎರಡು ಎಕರೆಗಾಗಿ ಗೋಮಾಳವನ್ನು ಉತ್ತವನನ್ನು ಕಳ್ಳನೆಂದು ಕರೆಯುವುದು ನಮ್ಮಿಂದಾಗದು. ಹಾಗೆಯೇ ಗೋಮಾಳ ಕಳೆದುಕೊಂಡು ಎರಡು ಆಡುಗಳನ್ನು ಮಾರಿದ ಮುದುಕಿಯ ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿರುವುದೂ ಆಗದು.

ಮೂರನೆಯ ಪಾಲುಗಾರನೂ ಬಂದನು. 1984ರಲ್ಲಿ ಸರ್ಕಾರವೂ ಹರಿಹರದ ನಾರುಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಕಟ್ಟಿ, ಶಿವಮೊಗ್ಗೆಯೂ ಸೇರಿದಂತೆ ಕೆಲವು ಜಿಲ್ಲೆಗಳ ಸಾರ್ವಜನಿಕ ಭೂಮಿಗಳಲ್ಲಿ ನೀಲಗಿರಿ ಮರಗಳನ್ನು ನೆಡುವ ಯೋಜನೆಯನ್ನು ಕೈಕೊಂಡಿತು. ಸೊರಬಕ್ಕೆ ನೆರೆಯಾದ ಹಾನಗಲ್ಲು ಸೀಮೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಗ್ರಾಮಸ್ಥರು ಆ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಕಿತ್ತಿಕೊ ಹಚ್ಚಿಕೊ ಎಂದು ಹೆಸರಾದ ಈ ಸತ್ಯಾಗ್ರಹದ ತರುವಾಯ, 1991ರಲ್ಲಿ ಆ ಸಂಸ್ಥೆ ಮುಚ್ಚಿತು. ತುಱುಗೋಳ ಕಲ್ಲುಗಳ ಸೀಮೆಯ ಅಂಚಿನಲ್ಲಿ, ರಕ್ತವಿಲ್ಲದೆ, ಮೇವಿನ ನೆಲಕ್ಕಾಗಿ ನಡೆದ ಹೋರಾಟವಿದು. ಮುಂದೆ 2011ರಲ್ಲಿ ಪಂಜಾಬಿನ ಒಂದು ಮೊಕದ್ದಮೆಯಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಊರೊಟ್ಟಿನ ಭೂಮಿಗಳ ಅಕ್ರಮ ಒತ್ತುವರಿಯನ್ನು ತೆರವುಮಾಡಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶವಿತ್ತಿತು.

ಈಗ ಮನೆಯ ಮುಂದಿನ ಹಾಸಿನ ವಿಷಯಕ್ಕೆ ಬರೋಣ. ಹುಲ್ಲು ತುದಿಯಿಂದ ಬೆಳೆಯದೆ ಬುಡದಿಂದ ಬೆಳೆಯುತ್ತದೆ. ಆದುದರಿಂದಲೇ ದನ ಮೇದರೂ ಯಂತ್ರ ಕತ್ತರಿಸಿದರೂ ಅದು ಮತ್ತೆ ಚಿಗುರುತ್ತದೆ. ಕೊಯ್ದುದರಿಂದ ಹುಲ್ಲು ಕೆಡುವುದಿಲ್ಲ. ಬಿಡುವುಕೊಡದೆ ಕೊಯ್ದರೆ ಕೆಡುತ್ತದೆ. ಒಂದು ಸಲಕ್ಕೆ ಎಲೆಯ ಎತ್ತರದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಕತ್ತರಿಸಬಾರದೆಂದು ತೋಟಗಾರರು ಹೇಳುವ ಸೂತ್ರವೂ ಕಾವಲುಗಾರನು ಹಿಂಡನ್ನು ಸಕಾಲದಲ್ಲಿ ಎಬ್ಬಿಸುತ್ತಿದ್ದ ಕ್ರಮವೂ ಒಂದೇ ತತ್ತ್ವದ ಎರಡು ರೂಪಗಳು. ಶಿಕಾರಿಪುರ ಸೊರಬಗಳಲ್ಲಿ ಹಾಸು ಬೇಕೆನ್ನುವವರು ಮುಂಗಾರು ಹಿಡಿದ ಕೂಡಲೆ ಗರಿಕೆಯ ಬಳ್ಳಿಗಳನ್ನು ಗೇಣುದ್ದ ಕತ್ತರಿಸಿ, ಸಡಿಲಮಾಡಿದ ನೆಲದಲ್ಲಿ ನಾಟಿಮಾಡಲಿ. ಬುಡದಲ್ಲಿ ಮಳೆಯ ನೀರು ನಿಲ್ಲದಂತೆ ಇಳಿಜಾರನ್ನು ಕೊಡಲಿ. ಕೊನ್ನಾರಿಯನ್ನು ಗೆಡ್ಡೆಸಹಿತ ಕೀಳಲಿ. ದಟ್ಟವಾದ ನೆರಳಿನಲ್ಲಿ ಗರಿಕೆ ಬಾರದು. ಅಲ್ಲಿ ಅದನ್ನು ಬಲವಂತಪಡಿಸಬೇಕಾಗಿಲ್ಲ. ಬೇಸಗೆಯಲ್ಲಿ ಹಾಸು ಕಂದಿದರೆ ಕಳವಳಪಡಬಾರದು. ಬೇರು ಜೀವವನ್ನು ಹಿಡಿದಿಟ್ಟುಕೊಂಡಿದ್ದು ಮೊದಲ ಮಳೆಗೆ ಚಿಗುರುತ್ತದೆ. ತಂಪುಕಾಲದ ಹುಲ್ಲನ್ನೇ ನೋಡಬೇಕೆಂಬವರು ಕಾರ್ತಿಕದಲ್ಲಿ ರೈ ಹುಲ್ಲಿನ ಬೀಜವನ್ನು ಬಿತ್ತಿ, ಚಳಿ ಇರುವವರೆಗೆ ಅದರ ಸೊಬಗನ್ನು ಕಂಡು, ಬಿಸಿಲು ಏರಿದಾಗ ಅದನ್ನು ಬೀಳ್ಕೊಡುವುದು ಮೇಲು. ಕುಡಿಯುವ ನೀರಿಗೆ ಕೊಡಗಳು ಸಾಲುನಿಲ್ಲುವ ತಿಂಗಳುಗಳಲ್ಲಿ ಪರದೇಶದ ಹುಲ್ಲಿಗೆ ನೀರು ಹಾಯಿಸುವುದು ಗೃಹಸ್ಥಧರ್ಮವೆನಿಸಲಾರದು.

ಮನೆಯ ಮುಂದೆ ಹತ್ತು ಚದರ ಗಜದ ಹಸುರನ್ನು ಇಷ್ಟು ಅಕ್ಕರೆಯಿಂದ ಕಾಯಬಲ್ಲವರು ಊರ ಹೊರಗಿನ ಹತ್ತಾರು ಎಕರೆಯ ಹಸುರನ್ನೂ ತಮ್ಮದೆಂದು ಭಾವಿಸುವುದು ಅಸಾಧ್ಯವಲ್ಲ. ತಮ್ಮ ಊರಿನ ಗೋಮಾಳದ ಸರ್ವೆ ನಂಬರು ಯಾವುದು, ಬರೆಹದಲ್ಲಿ ಅದರ ವಿಸ್ತೀರ್ಣವೆಷ್ಟು, ನೆಲದ ಮೇಲೆ ಉಳಿದಿರುವುದೆಷ್ಟು ಎಂಬುದನ್ನು ತಾಲ್ಲೂಕು ಕಚೇರಿಯ ದಾಖಲೆಗಳಲ್ಲಿ ಯಾರು ಬೇಕಾದರೂ ವಿಚಾರಿಸಬಹುದು. ನಮ್ಮ ಹಿರಿಯರು ಮಂದೆಗಾಗಿ ಮಡಿದವನ ಹೆಸರನ್ನು ಕಲ್ಲಿನಲ್ಲಿ ಬರೆಯಿಸಿ ಮುಂದಿನವರಿಗೆ ಒಪ್ಪಿಸಿದರು. ಆ ಮಂದೆ ಮೇದ ನೆಲದ ಲೆಕ್ಕವನ್ನು ಸರಿಯಾಗಿಟ್ಟು ಒಪ್ಪಿಸುವ ಭಾರ ನಮ್ಮ ಮೇಲಿದೆ.