ಬೇಚಿರಾಕ್ ಗ್ರಾಮಗಳ ಅವಶೇಷಗಳು: ಶಿವಮೊಗ್ಗ–ಭದ್ರಾವತಿ ಪರಿಸರದ ಹಾಳೂರುಗಳ ಅಧ್ಯಯನ

ಕರ್ನಾಟಕದ ಕಂದಾಯ ದಾಖಲೆಗಳಲ್ಲಿ 'ಬೇಚಿರಾಕ್' ಎಂಬ ಪದವು ಆಗಾಗ ಕಂಡುಬರುತ್ತದೆ. ಪಾರಸಿ ಮೂಲದ ಈ ಪದಕ್ಕೆ ದೀಪವಿಲ್ಲದ್ದು ಎಂದರ್ಥ. ಗ್ರಾಮಕ್ಕೆ ಹೆಸರುಂಟು, ಎಲ್ಲೆಯುಂಟು, ಸರ್ವೆ ನಂಬರುಗಳುಂಟು. ದೀಪ ಹಚ್ಚುವ ಮನೆ ಮಾತ್ರ ಇಲ್ಲ. ಜನರ ಮಾತಿನಲ್ಲಿ ಇವು ಹಾಳೂರುಗಳು. ತುಂಗಾ ಮತ್ತು ಭದ್ರಾ ನದಿಗಳ ನಡುವಣ ಶಿವಮೊಗ್ಗ–ಭದ್ರಾವತಿ ಪ್ರದೇಶದ ಇತಿಹಾಸ ರಚನೆಯಲ್ಲಿ ದೇವಾಲಯ, ಕೋಟೆ ಹಾಗೂ ಶಾಸನಗಳಿಗೆ ದೊರೆತ ಗಮನ ಈ ನೆಲೆಗಳಿಗೆ ದೊರೆತಿಲ್ಲ. ಆದರೆ ಉಳುವವನ ಮನೆ ಹೇಗಿತ್ತೆಂಬುದನ್ನು ತಿಳಿಸಬಲ್ಲ ಆಧಾರಗಳು ಇರುವುದು ಇಲ್ಲಿಯೇ.

ಹಾಳೂರಿನ ಕುರುಹುಗಳು ಮೇಲ್ನೋಟಕ್ಕೆ ಅತ್ಯಲ್ಪ. ಮಣ್ಣಿನ ಗೋಡೆಗಳು ಮಳೆಗೆ ಕರಗಿ ತಗ್ಗಾದ ದಿಬ್ಬಗಳಾಗಿರುತ್ತವೆ. ಅವುಗಳ ಬುಡದಲ್ಲಿ ಕಾಡುಗಲ್ಲಿನ ಪಾಯದ ಸಾಲು ಉಳಿದಿರುತ್ತದೆ. ಮಡಕೆಯ ಚೂರು, ಒಡೆದ ನಾಡಹೆಂಚು, ಒರಳು, ಬೀಸುವ ಕಲ್ಲು ಚದುರಿ ಬಿದ್ದಿರುತ್ತವೆ. ಬೂದಿ ಬೆರೆತ ಮೆದು ಮಣ್ಣು ತಿಪ್ಪೆಯ ಜಾಗವನ್ನು ಸೂಚಿಸುತ್ತದೆ. ಊರು ಕಟ್ಟುವಾಗ ನೆಟ್ಟ ಕರುವುಗಲ್ಲು, ಊರಂಚಿನ ವೀರಗಲ್ಲು ಹಾಗೂ ಮಾಸ್ತಿಕಲ್ಲು, ಕೆರೆಯ ಏರಿ, ಹಾಳು ಬಾವಿ ಇವು ನೆಲೆಯ ವಿಸ್ತಾರವನ್ನು ಗುರುತಿಸಲು ನೆರವಾಗುತ್ತವೆ. ಬಯಲಿನ ನಡುವೆ ಒಂದೆಡೆ ಗುಂಪಾಗಿ ನಿಂತ ಹಳೆಯ ಹುಣಸೆಮರಗಳೂ ಹಿತ್ತಿಲಿನ ಸಾಕ್ಷಿಗಳಾಗಬಹುದು. ಎಷ್ಟೋ ಕಡೆ ಊರು ಅಳಿದರೂ ದೇವರು ಉಳಿದಿದ್ದು, ನೆರೆಯೂರಿನವರು ವರ್ಷಕ್ಕೊಮ್ಮೆ ಬಂದು ಪೂಜೆ ಸಲ್ಲಿಸುವ ರೂಢಿಯಿದೆ.

ಈ ಊರುಗಳು ಏಕೆ ಅಳಿದವು? ಸ್ಥಳೀಯ ಐತಿಹ್ಯಗಳು ಸಾಮಾನ್ಯವಾಗಿ ಮಾರಿಬೇನೆಯನ್ನೋ ಶಾಪವನ್ನೋ ಹೇಳುತ್ತವೆ. ಇತಿಹಾಸದಲ್ಲಿ ಕಾರಣಗಳು ಹಲವು. 1791ರ ಡಿಸೆಂಬರ್‌ನಲ್ಲಿ ಶಿವಮೊಗ್ಗದ ಬಳಿ ಪರಶುರಾಮ ಭಾವೂವಿನ ಮರಾಠಾ ಸೈನ್ಯಕ್ಕೂ ಟಿಪ್ಪುವಿನ ಸೈನ್ಯಕ್ಕೂ ಯುದ್ಧ ನಡೆದು, 1792ರ ಜನವರಿಯಲ್ಲಿ ಕೋಟೆ ಮರಾಠರ ವಶವಾಯಿತು. 1876–78ರ ಮಹಾಕ್ಷಾಮ, 1898ರಿಂದ ಸಂಸ್ಥಾನವನ್ನು ಕಾಡಿದ ಪ್ಲೇಗು, ಮಲೆನಾಡನ್ನು ದೀರ್ಘಕಾಲ ಪೀಡಿಸಿದ ಮಲೇರಿಯಾ ಇವೂ ಗಮನಾರ್ಹ. ಬೆಂಕಿಪುರವೆಂಬ ಹೆಸರಿದ್ದ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯು ಸುತ್ತಣ ಕಾಡಿನ ಇದ್ದಿಲನ್ನು ಅವಲಂಬಿಸಿತ್ತು. ಅದು ಈ ಭಾಗದ ಜನವಸತಿಯ ಕೇಂದ್ರವನ್ನೇ ಬದಲಿಸಿತು. ಬಳಿಕ ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ನೆಲ ಮುಳುಗಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದಿಂದ ನೆಲೆ ಕಳೆದುಕೊಂಡವರಲ್ಲಿ ಅನೇಕರು ಶಿವಮೊಗ್ಗ ತಾಲ್ಲೂಕಿನ ಅರಣ್ಯಭಾಗಗಳಿಗೆ ಬಂದು ನೆಲೆಸಿದರು. ಹೀಗೆ ಒಂದು ಕಣಿವೆಯ ಹಾಳೂರು ಮತ್ತೊಂದೆಡೆಯ ಹೊಸ ಊರಾಯಿತು.

ಇಂತಹ ನೆಲೆಗಳ ಅಧ್ಯಯನಕ್ಕೆ ಸ್ಕಾಟ್ಲೆಂಡಿನ ನಿದರ್ಶನವೊಂದು ಮಾರ್ಗದರ್ಶಕವಾಗಿದೆ. ಅಲ್ಲಿಯ ಸದರ್‌ಲ್ಯಾಂಡ್ ಪ್ರಾಂತದ ರೋಸಲ್ ಎಂಬ ಹಳ್ಳಿಯ ಗೇಣಿದಾರರನ್ನು ಕುರಿ ಸಾಕಣೆಗಾಗಿ 1814ರಿಂದ 1818ರ ಅವಧಿಯಲ್ಲಿ ಒಕ್ಕಲೆಬ್ಬಿಸಲಾಯಿತು. 1962ರಲ್ಲಿ ಹೊರೇಸ್ ಫೇರ್‌ಹರ್ಸ್ಟ್ ಆ ನೆಲೆಯ ಮನೆ, ಕೊಟ್ಟಿಗೆ, ಧಾನ್ಯ ಒಣಗಿಸುವ ಗೂಡು, ಹೊಲದ ದಿಂಡುಗಳನ್ನು ಸರ್ವೇಕ್ಷಿಸಿದರು. ಅರಮನೆಯೂ ಶಾಸನವೂ ಇಲ್ಲದ ರೈತರ ಊರೊಂದು ಪುರಾತತ್ತ್ವದ ವಸ್ತುವಾಯಿತು. ಆದರೆ ರೋಸಲ್ ಬರಿದಾದ ಕಾಲ ಮತ್ತು ಕಾರಣ ಮೊದಲೇ ತಿಳಿದಿದ್ದವು. ಇಲ್ಲಿ ಹಾಗಿಲ್ಲ, ಪ್ರತಿಯೊಂದು ಊರಿನ ಅಳಿವಿನ ಕಾಲವನ್ನು ಬೇರೆಬೇರೆಯಾಗಿಯೇ ನಿರ್ಧರಿಸಬೇಕಾಗುತ್ತದೆ.

ಅದಕ್ಕೆ ಬೇಕಾದ ಸಾಮಗ್ರಿ ಇಲ್ಲದಿಲ್ಲ. ಬಿ. ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಶಿವಮೊಗ್ಗ ತಾಲ್ಲೂಕಿನ ಶಾಸನಗಳಿವೆ. ಊರಿನ ಹೆಸರುಳ್ಳ ಕಾಲಸಹಿತ ಶಾಸನ ದೊರೆತರೆ ಆ ಹೊತ್ತಿಗೆ ಊರು ಜೀವಂತವಾಗಿತ್ತೆಂದು ಹೇಳಬಹುದು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಆರಂಭವಾದ ಕಂದಾಯ ಸರ್ವೆಯ ದಾಖಲೆಗಳಲ್ಲಿ ಅದೇ ಊರು ಬೇಚಿರಾಕ್ ಎಂದಿದ್ದರೆ, ಅಳಿವು ಇವೆರಡರ ನಡುವೆ ನಡೆದಿದೆ. ಆಗ ಪ್ಲೇಗಿನ ಐತಿಹ್ಯವು ಆ ಊರಿಗೆ ಒಪ್ಪುವುದಿಲ್ಲ. ಸರ್ವೆಯ ಕಾಲದಲ್ಲಿ ಮನೆಗಳಿದ್ದರೆ 1871ರಿಂದ ಮುಂದಿನ ಜನಗಣತಿಗಳನ್ನು ನೋಡಬೇಕು. ಗ್ರಾಮ ನಕಾಶೆಯನ್ನು ಹಿಡಿದು ಗ್ರಾಮಠಾಣವನ್ನು ನೆಲದ ಮೇಲೆ ಗುರುತಿಸಿ, ಮಡಕೆ ಚೂರುಗಳ ಕಾಲವನ್ನು ಈ ಮಿತಿಯೊಳಗೆ ಪರಿಶೀಲಿಸಿದರೆ ಐತಿಹ್ಯ ಮತ್ತು ಇತಿಹಾಸಗಳನ್ನು ಬೇರ್ಪಡಿಸಲು ಸಾಧ್ಯ.

ಈ ಕಾರ್ಯಕ್ಕೆ ಉಳಿದಿರುವ ಅವಕಾಶ ಕಿರಿದಾಗುತ್ತಿದೆ. ನಗರಗಳ ಅಂಚಿನ ಬಡಾವಣೆ, ಅಡಿಕೆ ತೋಟಕ್ಕಾಗಿ ನೆಲ ಸಮತಟ್ಟು ಮಾಡುವ ಯಂತ್ರ, ನಿಧಿಗಳ್ಳರ ಗುಂಡಿ ಇವು ದಿಬ್ಬಗಳನ್ನು ಅಳಿಸುತ್ತಿವೆ. ವೀರಗಲ್ಲನ್ನು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಸಂಗ್ರಹಾಲಯಕ್ಕೆ ಸಾಗಿಸಿ ಉಳಿಸಬಹುದು. ಮನೆಯ ಪಾಯವನ್ನು ಸಾಗಿಸಲಾಗದು. ಅದು ಇದ್ದಲ್ಲಿಯೇ ದಾಖಲಾಗಬೇಕು. ಆದ್ದರಿಂದ ಬೇಚಿರಾಕ್ ಗ್ರಾಮಗಳ ಪಟ್ಟಿಯನ್ನೇ ಪುರಾತತ್ತ್ವ ಸರ್ವೇಕ್ಷಣೆಯ ಮೊದಲ ಪುಟವನ್ನಾಗಿ ಇಟ್ಟುಕೊಳ್ಳುವುದು ಅಗತ್ಯವಾಗಿದೆ. ಕಂದಾಯ ಲೆಕ್ಕದಲ್ಲಿ ಉಳಿದ ಹೆಸರುಗಳಿಗೆ ಇತಿಹಾಸದಲ್ಲಿಯೂ ಸ್ಥಾನ ದೊರೆಯಲು ಇದೇ ದಾರಿ.