ಕಾಯ್ದೆ ಕಾಯುವ ಚಿನ್ನ

ಷೇರುಪೇಟೆ ಅಲುಗಾಡಿದಾಗಲೆಲ್ಲ ಅಮೆರಿಕದಲ್ಲಿ ನಿವೃತ್ತಿಯ ಉಳಿತಾಯವನ್ನು ಚಿನ್ನದ ಖಾತೆಗೆ ವರ್ಗಾಯಿಸಿಕೊಳ್ಳಿ ಎಂಬ ಕರೆ ಜೋರಾಗುತ್ತದೆ. ಸರ್ಕಾರ ಅಚ್ಚುಹಾಕುವ ನೋಟನ್ನು ನಂಬದವರಿಗೆ ಇದೇ ಆಸರೆ ಎಂಬುದು ಆ ಕರೆಯ ತಿರುಳು. ಆ ಅಪನಂಬಿಕೆಗೆ ಆಧಾರವಿಲ್ಲದಿಲ್ಲ. 1933ರ ಏಪ್ರಿಲ್ 5ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹೊರಡಿಸಿದ ಆಜ್ಞೆಯಂತೆ ಜನ ತಮ್ಮ ಚಿನ್ನದ ನಾಣ್ಯ, ಗಟ್ಟಿಗಳನ್ನು ಮೇ 1ರೊಳಗೆ ಒಪ್ಪಿಸಬೇಕಾಯಿತು. ತಲೆಗೆ 100 ಡಾಲರ್ ಮೌಲ್ಯದ ನಾಣ್ಯಗಳಿಗೆ ಮಾತ್ರ ವಿನಾಯಿತಿ. ಔನ್ಸ್‌ಗೆ 20.67 ಡಾಲರ್ ಕೊಟ್ಟ ಸರ್ಕಾರ, ಮರುವರ್ಷ ಜನವರಿಯಲ್ಲಿ ಅದೇ ಔನ್ಸಿನ ಬೆಲೆಯನ್ನು 35 ಡಾಲರ್ ಎಂದು ಸಾರಿತು. ಕೊಟ್ಟವರಿಗೆ ಇದು ಮೋಸವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೂ, ಅಂಥ ಸರ್ಕಾರದಿಂದ ತಪ್ಪಿಸಿಕೊಳ್ಳಲು ಚಿನ್ನದ ನಿವೃತ್ತಿ ಖಾತೆಯೇ ದಾರಿ ಎನ್ನುವ ವಾದ ಆ ಖಾತೆಯ ಚರಿತ್ರೆಯೆದುರು ನಿಲ್ಲುವುದಿಲ್ಲ.

ಆ ಚರಿತ್ರೆ ಶುರುವಾಗುವುದು ಒಂದು ಕಾರು ಕಾರ್ಖಾನೆಯಲ್ಲಿ. 1963ರ ಡಿಸೆಂಬರ್‌ನಲ್ಲಿ ಸ್ಟುಡೆಬೇಕರ್ ಕಂಪನಿ ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಬಾಗಿಲು ಹಾಕಿತು. ಪಿಂಚಣಿ ನಿಧಿಯಲ್ಲಿ ಸಾಕಷ್ಟು ಹಣವಿರಲಿಲ್ಲ. 60 ತುಂಬಿದ ಹಳಬರಿಗೆ ಪೂರ್ತಿ ಸಿಕ್ಕಿತು. ಅದಕ್ಕಿಂತ ಚಿಕ್ಕ ವಯಸ್ಸಿನ, ಪಿಂಚಣಿಯ ಹಕ್ಕು ಗಳಿಸಿದ್ದ ಸುಮಾರು 4,000 ಮಂದಿಗೆ ಸಲ್ಲಬೇಕಾದುದರಲ್ಲಿ ಶೇ 15ರಷ್ಟೇ ದಕ್ಕಿತು. ಉಳಿದವರಿಗೆ ಬಿಡಿಗಾಸೂ ಇಲ್ಲ. ಆ ಅನ್ಯಾಯ ಎಬ್ಬಿಸಿದ ಚರ್ಚೆ 1974ರ ನಿವೃತ್ತಿ ಭದ್ರತಾ ಕಾಯ್ದೆಯವರೆಗೆ ಬಂತು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸೆಪ್ಟೆಂಬರ್ 2ರಂದು ಅದಕ್ಕೆ ಸಹಿ ಹಾಕಿದರು. ಕಂಪನಿಯ ಪಿಂಚಣಿ ಇಲ್ಲದವರೂ ವರ್ಷಕ್ಕೆ 1,500 ಡಾಲರ್‌ವರೆಗೆ ತೆರಿಗೆ ಮುಂದೂಡಿ ಕೂಡಿಡಬಹುದಾದ ವೈಯಕ್ತಿಕ ಖಾತೆ ಹುಟ್ಟಿದ್ದು ಹೀಗೆ. ಅದಕ್ಕೆ ಸುಮಾರು ಮೂರು ವಾರ ಮೊದಲು ಚಿನ್ನ ಇಟ್ಟುಕೊಳ್ಳುವ ಹಕ್ಕನ್ನು ಮರಳಿಸುವ ಕಾಯ್ದೆಗೂ ಅವರೇ ಸಹಿ ಹಾಕಿದ್ದರು. ಆ ಹಕ್ಕು ಜಾರಿಯಾದದ್ದು ಡಿಸೆಂಬರ್ 31ಕ್ಕೆ, ಖಾತೆ ಜಾರಿಯಾದದ್ದು ಮರುದಿನ.

ಎರಡೂ ಕೂಡುವುದಕ್ಕೆ ಮಾತ್ರ ಮುಂದೆ ಕಾಯ್ದೆಯೇ ಅಡ್ಡ ಬಂತು. 1981ರ ತೆರಿಗೆ ಕಾಯ್ದೆ ಲೋಹ, ನಾಣ್ಯ, ಕಲಾಕೃತಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಖಾತೆಯ ಹಣದಲ್ಲಿ ಅವನ್ನು ಕೊಂಡರೆ ಅಷ್ಟು ಹಣವನ್ನು ಹೊರತೆಗೆದಂತೆ ಎಂದಿತು. 1986ರಲ್ಲಿ ಅಮೆರಿಕದ ಟಂಕಸಾಲೆ ಹೊಸದಾಗಿ ಅಚ್ಚುಹಾಕಿದ ಈಗಲ್ ನಾಣ್ಯಕ್ಕೆ ವಿನಾಯಿತಿ ಸಿಕ್ಕಿತು. 1997ರಲ್ಲಿ ನಿಗದಿತ ಪರಿಶುದ್ಧತೆಯ ಗಟ್ಟಿಗಳಿಗೂ ಬಾಗಿಲು ತೆರೆಯಿತು, ಅವು ಟ್ರಸ್ಟಿಯ ವಶದಲ್ಲಿರಬೇಕೆಂಬ ಷರತ್ತಿನ ಮೇಲೆ. ಇಲ್ಲೊಂದು ಸೂಕ್ಷ್ಮ ನೋಡಬೇಕು. ಈಗಲ್ ನಾಣ್ಯ ನಮ್ಮ ಒಡವೆಗಳ ಹಾಗೆ 22 ಕ್ಯಾರೆಟ್. ದಕ್ಷಿಣ ಆಫ್ರಿಕಾದ ಕ್ರೂಗರ್‌ರಾಂಡ್ ಕೂಡ 22 ಕ್ಯಾರೆಟ್. ಮೊದಲನೆಯದಕ್ಕೆ ಖಾತೆಯಲ್ಲಿ ಜಾಗವಿದೆ, ಎರಡನೆಯದಕ್ಕಿಲ್ಲ. ಒರೆಗಲ್ಲು ಎರಡನ್ನೂ ಸಮ ಎನ್ನುತ್ತದೆ. ಭೇದ ಮಾಡಿದ್ದು ಕಾಯ್ದೆ.

ಹಣದುಬ್ಬರದಿಂದ ಕಾಪಾಡಿದರೆ ಸಾಕು, ಕಾಯ್ದೆಯ ಹಂಗು ಇದ್ದರೇನು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, 1970ರ ದಶಕದಲ್ಲಿ ಚಿನ್ನ ಕಾಪಾಡಿತ್ತು ಕೂಡ. ಆದರೆ 1980ರ ಜನವರಿಯಲ್ಲಿ 850 ಡಾಲರ್ ಮುಟ್ಟಿದ ಬೆಲೆ 1999ರಲ್ಲಿ 250ರ ಆಸುಪಾಸಿಗೆ ಇಳಿದಿತ್ತು. ಮತ್ತೆ 850 ಕಂಡದ್ದು 2008ರಲ್ಲಿ. ಅಷ್ಟರಲ್ಲಿ ಜೀವನವೆಚ್ಚ ಎರಡು ಪಟ್ಟು ಮೀರಿತ್ತು, ಚಿನ್ನವೋ ಬಡ್ಡಿ ತರುವ ವಸ್ತುವಲ್ಲ. ಎಳೆಯ ವಯಸ್ಸಿನವರು 28 ವರ್ಷ ಕಾಯಬಲ್ಲರು. 60ರ ಅಂಚಿನಲ್ಲಿರುವವರಿಗೆ ಅಷ್ಟು ಆಯುಷ್ಯ ಉಳಿದಿರುವ ಖಾತರಿಯಿಲ್ಲ. ಹಾಗಾದರೆ ನಾಣ್ಯವನ್ನು ಮನೆಯಲ್ಲೇ ಇಟ್ಟುಕೊಂಡರೆ? ಖಾತೆಯ ಈಗಲ್ ನಾಣ್ಯಗಳನ್ನು ಮನೆಯ ತಿಜೋರಿಯಲ್ಲಿಟ್ಟ ದಂಪತಿಯ ಪ್ರಕರಣದಲ್ಲಿ ಅಮೆರಿಕದ ತೆರಿಗೆ ನ್ಯಾಯಾಲಯ 2021ರಲ್ಲಿ ಅದಕ್ಕೆ ಉತ್ತರ ಕೊಟ್ಟಿದೆ: ಮನೆಗೆ ಬಂದ ನಾಣ್ಯ ಖಾತೆಯಿಂದ ಹೊರಬಿದ್ದಂತೆಯೇ, ಅದಕ್ಕೆ ತೆರಿಗೆ ಕಟ್ಟಬೇಕು. ಅಲ್ಲಿ ದುಡಿದು, ಕಂಪನಿಯ ಮೂಲಕ ನಡೆಯುವ 401(ಕೆ) ನಿವೃತ್ತಿ ಯೋಜನೆಯಲ್ಲಿ ಕೂಡಿಟ್ಟದ್ದನ್ನು ಚಿನ್ನದ ಖಾತೆಗೆ ವರ್ಗಾಯಿಸುವ ಕನ್ನಡಿಗರಿಗೂ ಅನ್ವಯಿಸುವುದು ಇದೇ ನಿಯಮ.